ಪ್ರಜಾಸಭೆಯಲ್ಲಿ ಅಯ್ಯಂಕಾಳಿಯವರ ಆಸನ

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿಸಭೆಯು ಸ್ಥಾಪಿತವಾದ ಸಂಗತಿಯು ಕನ್ನಡಿಗರಿಗೆ ಸುಪರಿಚಿತವಾದುದು. ಅದೇ ಬಗೆಯ ಸಭೆಯೊಂದು ತಿರುವಾಂಕೂರು ಸಂಸ್ಥಾನದಲ್ಲಿಯೂ ಶ್ರೀಮೂಲಂ ತಿರುನಾಳ್ ಮಹಾರಾಜರ ಆಳ್ವಿಕೆಯಲ್ಲಿ, 1904ರಲ್ಲಿ, ಆರಂಭವಾಯಿತು. ಅದಕ್ಕೆ ಶ್ರೀಮೂಲಂ ಪ್ರಜಾಸಭೆಯೆಂದು ಹೆಸರು. ತಿರುವನಂತಪುರದ ವಿಕ್ಟೋರಿಯಾ ಜುಬಿಲಿ ಮಂದಿರದಲ್ಲಿ ಕೂಡುತ್ತಿದ್ದ ಆ ಸಭೆಗೆ ಶಾಸನಗಳನ್ನು ಮಾಡುವ ಅಧಿಕಾರವಿರಲಿಲ್ಲ. ಪ್ರಜೆಗಳ ಕುಂದುಕೊರತೆಗಳನ್ನು ದಿವಾನರ ಸನ್ನಿಧಿಯಲ್ಲಿ ಅರಿಕೆಮಾಡುವುದಷ್ಟೇ ಅದರ ಕಾರ್ಯವು. ಭೂಮಾಲಿಕರೂ ವರ್ತಕರೂ ತುಂಬಿದ್ದ ಆ ಸಭೆಯಲ್ಲಿ ಪುಲಯ ಜನಾಂಗದ ಒಬ್ಬನು ಕುಳಿತುಕೊಳ್ಳುವನೆಂದು ಆಗ ಯಾರೂ ಎಣಿಸಿದ್ದಂತೆ ತೋರುವುದಿಲ್ಲ.

ಪುಲಯರು ಆ ನಾಡಿನ ಬತ್ತದ ಗದ್ದೆಗಳ ದುಡಿಮೆಯನ್ನು ತಲತಲಾಂತರದಿಂದ ಹೊತ್ತವರು. 1855ರ ರಾಜಾಜ್ಞೆಯಿಂದ ದಾಸ್ಯವು ರದ್ದಾಗಿದ್ದರೂ ಅವರಿಗೆ ರಾಜಬೀದಿಯಲ್ಲಿ ನಡೆಯುವ ಸ್ವಾತಂತ್ರ್ಯವಿರಲಿಲ್ಲ. ಪಾಠಶಾಲೆಯ ಬಾಗಿಲು ಅವರ ಮಕ್ಕಳಿಗೆ ಮುಚ್ಚಿಯೇ ಇದ್ದಿತು. ಇಂತಹ ಕುಲದಲ್ಲಿ ಅಯ್ಯಂಕಾಳಿಯವರು 1863ರಲ್ಲಿ ವೆಂಗಾನೂರೆಂಬ ಗ್ರಾಮದಲ್ಲಿ ಜನಿಸಿದರು. ಅವರಿಗೆ ಓದುಬರಹವು ಬಾರದು. 1893ರಲ್ಲಿ ಅವರು ಒಂದು ಎತ್ತಿನ ಬಂಡಿಯನ್ನು ಕೊಂಡು, ಶುಭ್ರವಾದ ವಸ್ತ್ರವನ್ನುಟ್ಟು, ತಲೆಗೆ ರುಮಾಲನ್ನು ಸುತ್ತಿ, ತಮ್ಮವರಿಗೆ ನಿಷಿದ್ಧವಾಗಿದ್ದ ದಾರಿಯಲ್ಲಿ ಅದನ್ನು ಹೊಡೆದುಕೊಂಡು ಹೋದರು. ಉಡುಪೂ ಬಂಡಿಯೂ ದಾರಿಯೂ ಮೂರೂ ಆಗಿನ ಕಟ್ಟುಪಾಡಿಗೆ ವಿರುದ್ಧವಾದುವೇ. 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಅವರು ಕಟ್ಟಿದರು.

ಪ್ರಜಾಸಭೆಯಲ್ಲಿ ಪುಲಯರ ಪರವಾಗಿ ಮಾತನಾಡಲು ಮೊದಲು ನೇಮಕವಾದವರು 'ಸುಭಾಷಿಣಿ' ಪತ್ರಿಕೆಯ ಸಂಪಾದಕರಾದ ಪಿ. ಕೆ. ಗೋವಿಂದ ಪಿಳ್ಳೆಯವರು. ಇವರು ಬೇರೆ ಕುಲದವರು. ಆ ಜನರ ಕಷ್ಟವನ್ನು ಅವರವರೇ ಹೇಳಿಕೊಳ್ಳುವುದು ಯುಕ್ತವೆಂದೂ ಅವರಲ್ಲಿಯೇ ಒಬ್ಬರನ್ನು ಸದಸ್ಯರನ್ನಾಗಿ ಮಾಡಬೇಕೆಂದೂ ಇವರು ಸಭೆಯಲ್ಲಿ ಬಿನ್ನವಿಸಿದರು. ತನಗೆ ಸಂದ ಮರ್ಯಾದೆಯು ಬೇರೊಬ್ಬರಿಗೆ ಸಲ್ಲತಕ್ಕದ್ದೆಂದು ಬಾಯಿಬಿಟ್ಟು ಹೇಳುವವರು ಎಲ್ಲ ಕಾಲದಲ್ಲಿಯೂ ವಿರಳರು. ಪಿಳ್ಳೆಯವರ ಹೆಸರನ್ನು ಈ ಚರಿತ್ರೆಯಲ್ಲಿ ಬಿಡುವುದು ಸರಿಯಲ್ಲ. ದಿವಾನ್ ಪಿ. ರಾಜಗೋಪಾಲಾಚಾರಿಯವರು ಈ ಬಿನ್ನಹವನ್ನು ಮನ್ನಿಸಿದರು. 1911ರ ಕಡೆಯಲ್ಲಿ ಅಯ್ಯಂಕಾಳಿಯವರ ನೇಮಕವಾಯಿತು.

1912ರಲ್ಲಿ ಅವರು ಮೊದಲ ಸಲ ಸಭೆಯಲ್ಲಿ ಎದ್ದು ನಿಂತಾಗ ಕೇಳಿದುದು ಬಿರುದನ್ನಲ್ಲ, ಭೂಮಿಯನ್ನು. ಊರಿನ ಗದ್ದೆಗಳನ್ನೆಲ್ಲ ಉತ್ತು ಬಿತ್ತುವವರಿಗೆ ತಮ್ಮದೆಂಬ ಹಿಡಿ ಮಣ್ಣಿಲ್ಲ. ಗುಡಿಸಲಿದ್ದ ನೆಲವೂ ಒಡೆಯನದು. ಆತನು ಮುನಿದರೆ ಸಂಸಾರವೇ ಬೀದಿಪಾಲು. ಸರ್ಕಾರದ ಬೀಳುಭೂಮಿಯನ್ನು ಇವರಿಗೆ ಹಂಚಬೇಕೆಂಬುದೇ ಆ ಭಾಷಣದ ಸಾರವು. ಇದರ ಫಲವಾಗಿ 500 ಎಕರೆ ಭೂಮಿಯು ಪುಲಯರಿಗಾಗಿ ಮೀಸಲಿಡಲ್ಪಟ್ಟಿತು. ಜನಸಂಖ್ಯೆಯನ್ನು ನೋಡಿದರೆ ಇದು ಅತ್ಯಲ್ಪವೇ. ಆದರೂ ಬೇಡಿದವನು ಸಭಾಸದನೆಂಬ ಅಧಿಕಾರದಿಂದ ಬೇಡಿದ್ದನು, ದಿವಾನರು ಉತ್ತರ ಕೊಡಲೇಬೇಕಾಯಿತು.

ವಿದ್ಯೆಯ ವಿಷಯವು ಇದಕ್ಕಿಂತ ಕಠಿನವಾದುದು. ಪುಲಯರ ಮಕ್ಕಳನ್ನು ಶಾಲೆಗಳಲ್ಲಿ ಸೇರಿಸಿಕೊಳ್ಳಬೇಕೆಂದು ಸರ್ಕಾರದ ನಿರೂಪಗಳು ಹೊರಟಿದ್ದುವು. ಆದರೆ ರಾಜಧಾನಿಯಿಂದ ಹೊರಟ ಕಾಗದವು ಹಳ್ಳಿಯ ಶಾಲೆಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಆಗ ಪುಲಯರು ಗದ್ದೆಗಿಳಿಯದೆ ಮುಷ್ಕರ ಹೂಡಿದರು. ಇದರ ಕಾಲವನ್ನು ಕೆಲವರು 1907-08 ಎಂದೂ ಕೆಲವರು 1913-14 ಎಂದೂ ಹೇಳುವರು. ಹಸಿವು ಬಾಧಿಸಿದಾಗ ವಿಳಿಞ್ಞಂ ಕರೆಯ ಬೆಸ್ತರು ತಮ್ಮ ದೋಣಿಗಳಲ್ಲಿ ಇವರಿಗೆ ಕೆಲಸ ಕೊಟ್ಟು ಕಾಪಾಡಿದರು. ಕಡೆಗೆ ಕಂಡಳ ನಾಗಂ ಪಿಳ್ಳೆಯೆಂಬ ಮ್ಯಾಜಿಸ್ಟ್ರೇಟರ ಮಧ್ಯಸ್ಥಿಕೆಯಿಂದ ರಾಜಿಯಾಯಿತು.

ಅಯ್ಯಂಕಾಳಿಯವರು ಸಭಾಸದರಾಗಿದ್ದ ಕಾಲದಲ್ಲಿಯೇ, 1914ರಲ್ಲಿ, ಪಂಚಮಿಯೆಂಬ ಬಾಲಿಕೆಯ ಕೈಹಿಡಿದು ಊರೂಟ್ಟಂಬಲದ ಶಾಲೆಗೆ ಹೋದರು. ಅವಳನ್ನು ಬೆಂಚಿನ ಮೇಲೆ ಕೂರಿಸಿದುದಕ್ಕಾಗಿ ವಿರೋಧಿಗಳು ಆ ಶಾಲೆಗೇ ಬೆಂಕಿಯಿಟ್ಟರು. ಸುತ್ತಲಿನ ಊರುಗಳಲ್ಲಿ ಗಲಭೆಗಳೆದ್ದುವು. ತನ್ನ ಮಕ್ಕಳೂ ಓದುವ ಶಾಲೆಯನ್ನು ಸುಟ್ಟಾದರೂ ಪರರ ಮಗುವನ್ನು ತಡೆಯಬೇಕೆಂಬ ಈ ಹಟವನ್ನು ಏನೆನ್ನಬೇಕು! ಪ್ರಜಾಸಭೆಯಲ್ಲಿ ದೊರೆತ ಆಸನದ ಬೆಲೆಯನ್ನು ಅಳೆಯುವವರು ಈ ಘಟನೆಯನ್ನೂ ಕೂಡಿಸಿ ಅಳೆಯಬೇಕು. ಜುಬಿಲಿ ಮಂದಿರದಲ್ಲಿ ಅವರ ಮಾತನ್ನು ದಿವಾನರು ಕೇಳುತ್ತಿದ್ದರು. ಕೆಲವು ಹರಿದಾರಿಗಳಾಚೆಯ ಹಳ್ಳಿಯಲ್ಲಿ ಅದೇ ಸಭಾಸದರಿಗೆ ಒಂದು ಮಗುವನ್ನು ಬೆಂಚಿನ ಮೇಲೆ ಕೂರಿಸುವುದು ದುಸ್ಸಾಧ್ಯವಾಗಿದ್ದಿತು. ಆದಕಾರಣವೇ ಅವರು ಆ ಆಸನವನ್ನು ಬಿಡದೆ, ಎರಡು ದಶಕಗಳ ಕಾಲ, ಭೂಮಿ, ಶಾಲೆ, ಉದ್ಯೋಗಗಳಿಗಾಗಿ ಸಭೆಯಲ್ಲಿ ಮೊರೆಯಿಡುತ್ತ ಬಂದರು.

1936ರ ನವೆಂಬರಿನಲ್ಲಿ ದೇವಾಲಯ ಪ್ರವೇಶದ ಘೋಷಣೆಯಾಯಿತು. ಮರುವರ್ಷದ ಜನವರಿಯಲ್ಲಿ ಗಾಂಧೀಜಿಯವರು ವೆಂಗಾನೂರಿಗೆ ಬಂದಾಗ ಅಯ್ಯಂಕಾಳಿಯವರು ತಮ್ಮ ಜನಾಂಗದಲ್ಲಿ ಹತ್ತು ಮಂದಿ ಬಿ. ಎ. ಪದವೀಧರರನ್ನು ಕಾಣಬೇಕೆಂಬ ಆಸೆಯನ್ನು ಹೇಳಿಕೊಂಡರೆಂದು ಪ್ರತೀತಿ. 1941ರ ಜೂನ್ 18ರಂದು ಅವರು ದಿವಂಗತರಾದರು. ತಿರುವನಂತಪುರದ ವೆಳ್ಳಯಂಬಲದಲ್ಲಿ ಅವರ ಪ್ರತಿಮೆಯನ್ನು 1980ರಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಅನಾವರಣ ಮಾಡಿದರು. ಪ್ರಜಾಸಭೆಯು ಕೂಡುತ್ತಿದ್ದ ಆ ಮಂದಿರವು ವಿಕ್ಟೋರಿಯಾ ರಾಣಿಯ ಜುಬಿಲಿಯ ನೆನಪಿಗಾಗಿ 1896ರಲ್ಲಿ ಕಟ್ಟಲ್ಪಟ್ಟಿದ್ದು. 2019ರಲ್ಲಿ ಕೇರಳ ಸರ್ಕಾರವು ಹಳೆಯ ಹೆಸರನ್ನು ತೆಗೆದು, ಅದನ್ನು ಅಯ್ಯಂಕಾಳಿ ಮಂದಿರವೆಂದು ಕರೆಯಿತು.