ಕಾರಿನ ಬಾಗಿಲಿಗೆ ಸ್ಪೀಕರ್ ಬಂದ ಕತೆ

ಹಳ್ಳಿ ರೂಟಿನ ಕ್ರೂಸರ್ ಇರಲಿ, ಬಾಡಿಗೆ ಕಾರಿರಲಿ, ಸೆಕೆಂಡ್‌ಹ್ಯಾಂಡ್ ಮಾರುತಿ ಇರಲಿ, ಡ್ರೈವರ್ ಹಾಡು ಹಾಕಿ ಸೌಂಡ್ ಸ್ವಲ್ಪ ಏರಿಸಿದನೆಂದರೆ ಬಾಗಿಲು ಗರಗರ ಅನ್ನತೊಡಗುತ್ತದೆ. ಡೊಳ್ಳಿನ ಪೆಟ್ಟು ಎದೆಗೆ ತಾಗಬೇಕಾದ ಕಡೆ ತಗಡಿನ ಡಬ್ಬ ಬಡಿದಂತೆ ಕೇಳಿಸುತ್ತದೆ. ಸ್ಪೀಕರ್ ಸರಿಯಿಲ್ಲ ಅಂತ ಅವನು ಹೊಸದನ್ನು ಹಾಕಿಸುತ್ತಾನೆ. ಆಮೇಲೆ ಆಂಪ್ಲಿಫೈಯರ್ ಹಾಕಿಸುತ್ತಾನೆ. ಗರಗರ ಮಾತ್ರ ಹೋಗುವುದಿಲ್ಲ. ನಮ್ಮ ಜಿಲ್ಲೆಯ ಡೆಕ್ ಅಂಗಡಿಗಳ ಮುಂದೆ ನಾವು ಇದನ್ನು ನೋಡಿದ್ದು ಒಂದೆರಡು ಸಲವಲ್ಲ. ಎರಡು ಮೂರು ತಿಂಗಳ ಬಾಡಿಗೆ ದುಡಿಮೆಯನ್ನು ಇದಕ್ಕೇ ಸುರಿದವರಿದ್ದಾರೆ. ತೊಂದರೆ ಎಲ್ಲಿಂದ ಶುರುವಾಯಿತು ಅಂತ ತಿಳಿಯಬೇಕಾದರೆ ಸುಮಾರು 100 ವರ್ಷ ಹಿಂದಕ್ಕೆ ಹೋಗಬೇಕು.

ಇವತ್ತು ನಾವು ಬಳಸುವ ಸ್ಪೀಕರಿನ ಮೂಲ ರೂಪ 1925ರದ್ದು. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಅದನ್ನು ರೂಪಿಸಿದರು. ಅಯಸ್ಕಾಂತ, ತಂತಿಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನ್, ಇಷ್ಟೇ. 1930ರಲ್ಲಿ ಶಿಕಾಗೋದ ಪಾಲ್ ಗ್ಯಾಲ್ವಿನ್ ಕಾರಿಗೆ ಕೂರಿಸುವ ರೇಡಿಯೋ ತಂದ. ಅದಕ್ಕೆ ಇಟ್ಟ ಹೆಸರೇ ಮೋಟೊರೋಲ. ಅಟ್ಲಾಂಟಿಕ್ ಸಿಟಿಯ ರೇಡಿಯೋ ವ್ಯಾಪಾರಿಗಳ ಸಮಾವೇಶದಲ್ಲಿ ಅವನಿಗೆ ಮಳಿಗೆ ಇರಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ರೇಡಿಯೋ ಜೋರು ಮಾಡಿ ಜನ ಸೇರಿಸಿದ. ನಮ್ಮ ಜಾತ್ರೆಯ ವ್ಯಾಪಾರಿಗಳಿಗೆ ಈ ಉಪಾಯ ಹೊಸದೇನಲ್ಲ. ಆ ರೇಡಿಯೋಗೆ 100 ಡಾಲರಿಗೂ ಮೇಲೆ ಬೆಲೆ, ಹೊಸ ಫೋರ್ಡ್ ಕಾರೇ 500 ಡಾಲರ್ ಆಸುಪಾಸಿನಲ್ಲಿ ಸಿಗುತ್ತಿದ್ದ ಕಾಲ ಅದು.

1932ರಲ್ಲಿ ಜರ್ಮನಿಯ ಬ್ಲೌಪಂಕ್ಟ್ ಕಂಪನಿ ಯೂರೋಪಿನ ಮೊದಲ ಕಾರ್ ರೇಡಿಯೋ ತಂದಾಗ ಅದರ ಪೆಟ್ಟಿಗೆ ಸುಮಾರು 10 ಲೀಟರ್ ಗಾತ್ರದ್ದಿತ್ತು. ಹೀಗಿರುವಾಗ ಸ್ಪೀಕರ್ ಎಲ್ಲಿಡಬೇಕು ಅಂತ ಯಾರು ಯೋಚಿಸುತ್ತಾರೆ? ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಜಾಗ ಸಿಕ್ಕ ಕಡೆ ಸಿಕ್ಕಿಸಿದರು. ಇದ್ದದ್ದು ಒಂದೇ ಸ್ಪೀಕರ್, ಅದರಲ್ಲಿ ವಾರ್ತೆ ಕೇಳಿಸಿದರೆ ಸಾಕಿತ್ತು. 1956ರ ಮಾಡೆಲ್ ಕಾರುಗಳಲ್ಲಿ ಕ್ರೈಸ್ಲರ್ ಕಂಪನಿ ಗ್ರಾಮಫೋನ್ ತಟ್ಟೆಯನ್ನೇ ಡ್ಯಾಶ್‌ಬೋರ್ಡಿನ ಕೆಳಗೆ ತಿರುಗಿಸಿ ನೋಡಿತು. ಅದು ಬಾಳಲಿಲ್ಲ.

ತಿರುವು ಬಂದದ್ದು 1960ರ ದಶಕದಲ್ಲಿ, ಟೇಪಿನಿಂದ. ಗ್ಯಾಲ್ವಿನ್‌ಗೆ ಮೊದಲ ರೇಡಿಯೋ ಮಾಡುವಾಗ ನೆರವಾಗಿದ್ದ ಬಿಲ್ ಲಿಯರ್ ಎಂಬಾತನೇ 8 ಟ್ರ್ಯಾಕಿನ ಟೇಪ್ ತಯಾರಿಸಿದ. (ಮುಂದೆ ಲಿಯರ್‌ಜೆಟ್ ವಿಮಾನ ಅಂತ ಹೆಸರಾಯಿತಲ್ಲ, ಅದೂ ಇವನದೇ.) 1966ರ ಮಾಡೆಲ್ ಫೋರ್ಡ್ ಕಾರುಗಳಲ್ಲಿ ಅದು ಬಂತು. ಅದರ ಜೊತೆ ಸ್ಟೀರಿಯೋನೂ ಕಾರಿಗೆ ಬಂತು. ಸ್ಟೀರಿಯೋ ಅಂದರೆ ಕಡಿಮೆ ಅಂದರೂ ಎರಡು ಸ್ಪೀಕರ್, ಎಡಕ್ಕೊಂದು ಬಲಕ್ಕೊಂದು. ಕಾರಿನೊಳಗೆ ಎಡಬಲ ಎರಡೂ ಕಡೆ ಖಾಲಿ ಇರುವ ಜಾಗ ಯಾವುದು? ಬಾಗಿಲು. ಇಲ್ಲವೇ ಹಿಂದಿನ ಗಾಜಿನ ಕೆಳಗಿನ ಹಲಗೆ. ಹೀಗೆ ಸ್ಪೀಕರ್ ಬಾಗಿಲು ಸೇರಿದ್ದು ಅಲ್ಲಿ ಜಾಗವಿತ್ತು ಅನ್ನುವ ಕಾರಣಕ್ಕೆ. ಅಲ್ಲಿ ನಾದ ಚೆನ್ನಾಗಿ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಅಸಲಿಗೆ ಬಾಗಿಲು ಸ್ಪೀಕರಿಗೆ ಕೆಟ್ಟ ಮನೆ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿಯನ್ನು ತಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಇವೆರಡೂ ಕೂಡಿದರೆ ಒಂದನ್ನೊಂದು ಕೊಂದುಹಾಕುತ್ತವೆ. ಮೊದಲು ಸಾಯುವುದು ಬೇಸ್, ಅಂದರೆ ಡೊಳ್ಳು, ತಬಲಾದ ದಗ್ಗದಂಥ ದಪ್ಪ ಸದ್ದು. ಮನೆಯ ಸ್ಪೀಕರಿಗೆ ಮರದ ಡಬ್ಬ ಇರುವುದೇ ಅದಕ್ಕೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಡಬ್ಬದ ಗಾತ್ರಕ್ಕೂ ಸ್ಪೀಕರಿನ ಗುಣಕ್ಕೂ ಇರುವ ಲೆಕ್ಕವನ್ನು ಬಿಡಿಸಿಟ್ಟ. ಕಾರಿನ ಬಾಗಿಲೋ, ಹೊರಗೆ ತೆಳು ತಗಡು, ಒಳಗೆ ದೊಡ್ಡ ದೊಡ್ಡ ತೂತುಗಳ ಇನ್ನೊಂದು ತಗಡು, ಅದರ ಮೇಲೆ ಮಳೆನೀರು ತಡೆಯಲು ಒಂದು ಪ್ಲಾಸ್ಟಿಕ್ ಹಾಳೆ, ಆಮೇಲೆ ಡೋರ್ ಪ್ಯಾಡ್. ತೂತುಗಳಿಂದ ಹಿಂದಿನ ಗಾಳಿ ಮುಂದಕ್ಕೆ ಸೋರುತ್ತದೆ. ತಗಡು ತಾನೂ ಹಾಡಲು ಶುರುಮಾಡುತ್ತದೆ.

ತಗಡಿನ ಬಾಯಿ ಮುಚ್ಚಿಸುವ ವಿದ್ಯೆಯೂ ಆ ಹೊತ್ತಿಗೆ ತಯಾರಿತ್ತು. 1952ರಲ್ಲಿ ಜರ್ಮನಿಯ ಹರ್ಮನ್ ಓಬರ್ಸ್ಟ್, ತಗಡಿಗೆ ಮೆತ್ತನೆಯ ಪದರ ಅಂಟಿಸಿದರೆ ಅದರ ನಡುಕ ಎಷ್ಟು ತಗ್ಗುತ್ತದೆ ಎಂಬುದಕ್ಕೆ ಲೆಕ್ಕ ಕೊಟ್ಟ. 1959ರಲ್ಲಿ ಅಮೆರಿಕದ ಕರ್ವಿನ್, ಆ ಮೆತ್ತನೆ ಪದರದ ಮೇಲೆ ಮತ್ತೊಂದು ಬಿಗಿಯಾದ ಹಾಳೆ ಕೂರಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದ. ನಡುವಿನ ಪದರ ಎಳೆದಾಡಿ ನಡುಕವನ್ನು ಕಾವಾಗಿ ಕರಗಿಸಿಬಿಡುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ, ಒಂದು ಕಡೆ ಅಲ್ಯೂಮಿನಿಯಂ ಇನ್ನೊಂದು ಕಡೆ ಬ್ಯುಟೈಲ್ ರಬ್ಬರ್ ಇರುವ ಡ್ಯಾಂಪಿಂಗ್ ಶೀಟು ಇದೇ ಲೆಕ್ಕದ ಕೂಸು.

ಡಬ್ಬ, ಬಾಗಿಲು, ಕಾರಿನ ಒಳಗು ಎಲ್ಲವನ್ನೂ ಒಟ್ಟಿಗೆ ನೋಡಿ ಹೆಸರಾದವನು ನಮ್ಮ ರಕ್ತದವನು. ಅಮರ್ ಬೋಸ್. ತಂದೆ ನೋನಿ ಗೋಪಾಲ್ ಬೋಸ್ ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದ ಬಂಗಾಳಿ. ಮಗ ಹುಡುಗನಾಗಿದ್ದಾಗ ರೇಡಿಯೋ ರಿಪೇರಿ ಮಾಡಿ ಮನೆಗೆ ಆಸರೆಯಾದವನು, ಮುಂದೆ ಎಂಐಟಿಯಲ್ಲಿ ಮೇಷ್ಟ್ರು. ಜನರಲ್ ಮೋಟಾರ್ಸ್ ಜೊತೆ ಸೇರಿ 1983ರ ಮಾಡೆಲ್ ಕಾರುಗಳಿಗೆ ಅವನ ಕಂಪನಿ ಸ್ಟೀರಿಯೋ ಕೊಟ್ಟಿತು. ಒಂದೊಂದು ಮಾಡೆಲಿಗೂ ಬೇರೆ ಬೇರೆ ಅಳತೆ, ಸ್ಪೀಕರಿಗೆ ಅದರದೇ ಡಬ್ಬ. ಸೀಟು, ಗಾಜು, ಕೂತವರ ಜಾಗ ಎಲ್ಲ ಲೆಕ್ಕಕ್ಕೆ ಬಂದವು.

ಅದೇ 1983ರ ಡಿಸೆಂಬರಿನಲ್ಲಿ ನಮ್ಮಲ್ಲಿ ಮಾರುತಿ 800 ರಸ್ತೆಗಿಳಿಯಿತು. ಡೆಕ್ ಹಾಕುವ ಕೆಲಸ ಹೆಚ್ಚಾಗಿ ಅಂಗಡಿಯವನ ಪಾಲಿಗೆ ಬಂತು. ಹಿಂದಿನ ಹಲಗೆಯ ಮೇಲೆ ಎರಡು ಮೊಟ್ಟೆಯಾಕಾರದ ಸ್ಪೀಕರ್ ಇಟ್ಟರೆ ಕೆಲಸ ಮುಗಿಯಿತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಶುರುವಾದ ಮೇಲೆ ಕಾರಿನಲ್ಲಿ ಹಾಡು ಕೇಳುವುದು ಇನ್ನೂ ಹೆಚ್ಚಿತು. ಬಾಗಿಲ ತಗಡು ಮಾತ್ರ ಹಾಗೇ ಉಳಿಯಿತು. ಅಂಗಡಿಯವರೂ ಏನು ಮಾಡಿಯಾರು, ಗಿರಾಕಿ ಕೇಳುವುದು ವ್ಯಾಟ್ ಎಷ್ಟು ಅಂತ ತಾನೇ?

ನಮ್ಮ ಮಾತು ಕೇಳುವುದಾದರೆ ಆಂಪ್ಲಿಫೈಯರಿಗೆ ಮೊದಲು ಬಾಗಿಲು ನೋಡಿ. ಹೊರಗಿನ ತಗಡಿನ ಒಳಮೈಗೆ ಶೀಟು ಅಂಟಿಸಿ. ಪೂರಾ ಮುಚ್ಚಬೇಕಿಲ್ಲ, ಸ್ಪೀಕರ್ ಹಿಂದೆ ಮತ್ತು ನಡುಮಧ್ಯೆ ಅರ್ಧದಷ್ಟು ಹಚ್ಚಿದರೂ ಬೆರಳಲ್ಲಿ ತಟ್ಟಿದಾಗ ಡಣ್ ಅನ್ನುತ್ತಿದ್ದದ್ದು ದಪ್ ಅನ್ನುತ್ತದೆ. ಒಳತಗಡಿನ ತೂತುಗಳನ್ನು ಗಟ್ಟಿ ಹಾಳೆಯಿಂದ ಮುಚ್ಚಿ. ಗಾಜು ಇಳಿಯುವ ಹಾದಿ, ಲಾಕಿನ ಕಡ್ಡಿಗಳಿಗೆ ಅಡ್ಡ ಬರದಿರಲಿ. ಸ್ಪೀಕರನ್ನು ಬಿಗಿಯಾದ ರಿಂಗಿನ ಮೇಲೆ ಕೂರಿಸಿ, ಅಂಚಿನಲ್ಲಿ ಸಂದು ಬಿಡಬೇಡಿ. ಒಂದು ಸ್ಪೀಕರಿನ ವೈರು ಅದಲುಬದಲಾದರೂ ಒಂದು ತಳ್ಳುವಾಗ ಇನ್ನೊಂದು ಎಳೆದು ಬೇಸ್ ಮಾಯವಾಗುತ್ತದೆ, ಅದನ್ನೂ ನೋಡಿಸಿ. ಸಣ್ಣ ಸದ್ದು ಬ್ಯಾಟರಿ ಬೆಳಕಿನ ಹಾಗೆ ನೇರ ಹೋಗುತ್ತದೆ, ಮೊಣಕಾಲ ಹತ್ತಿರ ಇಟ್ಟರೆ ಕಿವಿಗೆ ಮುಟ್ಟುವುದಿಲ್ಲ. ಅದಕ್ಕೇ ಟ್ವೀಟರನ್ನು ಕನ್ನಡಿಯ ಮೂಲೆಯಲ್ಲಿ ಎತ್ತರಕ್ಕೆ ಇಡುತ್ತಾರೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಎಡದ ಸ್ಪೀಕರಿಗಿಂತ ಬಲದ್ದು ಒಂದು ಮೀಟರ್ ಹತ್ತಿರವಿದ್ದರೆ ಅದರ ಸದ್ದು ಸೆಕೆಂಡಿನ ಸಾವಿರದ 3 ಪಾಲಿನಷ್ಟು ಮೊದಲೇ ಬರುತ್ತದೆ, ಇಡೀ ಹಾಡು ಬಲಗಡೆಯೇ ಇದೆ ಅನಿಸುತ್ತದೆ. ಕೆಲವು ಹೊಸ ಡೆಕ್‌ಗಳಲ್ಲಿ ಹತ್ತಿರದ ಸ್ಪೀಕರನ್ನು ಅಷ್ಟೇ ತಡ ಮಾಡುವ ಸೆಟ್ಟಿಂಗ್ ಇರುತ್ತದೆ.

ಮಳೆಗಾಲಕ್ಕೆ ಮುಂಚೆ ಇನ್ನೊಂದು. ಬಾಗಿಲ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ಕಿಂಡಿಗಳಿರುತ್ತವೆ. ಶೀಟು ಅಂಟಿಸುವ ಹುಡುಗ ಉತ್ಸಾಹದಲ್ಲಿ ಅವನ್ನೂ ಮುಚ್ಚಿಬಿಡುತ್ತಾನೆ. ಆಗ ಗಾಜಿನಿಂದ ಇಳಿದ ನೀರು ಒಳಗೇ ನಿಂತು ಬಾಗಿಲು ತಳದಿಂದ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಒಂದು ಚೊಂಬು ನೀರನ್ನು ಗಾಜಿನ ಮೇಲೆ ಸುರಿದು, ಕೆಳಗಿನಿಂದ ಹನಿಯುತ್ತದೆಯೇ ಅಂತ ನೋಡಿಯೇ ದುಡ್ಡು ಕೊಡಿ.