ಜಾಲಭಂಡಾರಗಳೂ ಆಜ್ಞಾವಾಕ್ಯಗಳೂ

ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಗಳಿಂದ ಹೊರಟ ಕಾಲುವೆಗಳಲ್ಲಿ ಹಲವು ಇಂದಿಗೂ ಹಂಪಿ, ಹೊಸಪೇಟೆ, ಕಂಪ್ಲಿಗಳ ತೋಟಗದ್ದೆಗಳಿಗೆ ನೀರುಣಿಸುತ್ತಿರುವುದು ಸರ್ವವಿದಿತವಾದ ವಿಷಯ. ಹಾಳುಬಿದ್ದ ಪಟ್ಟಣದ ನಡುವೆಯೇ ಹರಿಯುವ ತುರ್ತು ಕಾಲುವೆಯ ಬದಿಯಲ್ಲಿ ಬಾಳೆಯನ್ನು ಬೆಳೆವ ರೈತನು ತನ್ನ ಹೊಲಕ್ಕೆ ಬಂದ ತೂಬನ್ನು ಬಲ್ಲನಾದರೆ ಸಾಕು. ಅಣೆಯ ಕಟ್ಟಡವನ್ನೂ ಕವಲುಗಳ ಲೆಕ್ಕವನ್ನೂ ಅವನು ಅರಿಯಬೇಕಾದುದಿಲ್ಲ. ಅವುಗಳನ್ನೆಲ್ಲ ಅರಿತು, ಕ್ರಮವರಿತು ತೆರೆದು ಮುಚ್ಚತಕ್ಕವನು ನೀರುಗಂಟಿ. ಗಣಕಯಂತ್ರಗಳ ಜಾಲದಲ್ಲಿ ಕಡತಗಳನ್ನು ಹಂಚುವ ವ್ಯವಸ್ಥೆಗಳಿಗೂ ಇಂತಹ ನೀರುಗಂಟಿಯೊಬ್ಬನು ಬೇಕು. ಆ ಕೆಲಸವನ್ನು ಮಾಡುವ ಆಜ್ಞಾಸಾಧನಗಳಲ್ಲಿ ಗಣ್ಯವಾದುದೊಂದು ಕರ್ಣಾಟಕದಲ್ಲಿಯೇ ರೂಪುಗೊಂಡಿತೆಂಬ ಸಂಗತಿಯು ಹೆಚ್ಚು ಜನರಿಗೆ ತಿಳಿದಿಲ್ಲ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಮೊದಲಾಗಿ ಓಲೆಗರಿಗಳನ್ನು ಕಾಪಾಡುವ ಎಲ್ಲ ಸಂಸ್ಥೆಗಳಿಗೂ, ಗರಿಗಳ ಛಾಯಾಪ್ರತಿಗಳನ್ನು ಯಾವ ಭಂಡಾರದಲ್ಲಿ, ಯಾರ ಅಧೀನದಲ್ಲಿ ಇರಿಸತಕ್ಕದ್ದೆಂಬ ಪ್ರಶ್ನೆಯು ಇರುವುದರಿಂದ, ಈ ಚರಿತ್ರೆಯು ವಿಚಾರಾರ್ಹವಾಗಿದೆ.

ಮೊದಲು ಇದರ ಮೂಲವನ್ನು ನೋಡಬೇಕು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಪ್ರಥಮ ಕೈಪಿಡಿಯು 1971ರ ನವೆಂಬರಿನಲ್ಲಿ ಸಿದ್ಧವಾಯಿತು. ಮೌಂಟ್ ಎಂಬ ಆಜ್ಞೆಯು ಅದರಲ್ಲಿಯೇ ಇದೆ. ಒಂದು ಮರದ ಕೊಂಬೆಗೆ ಬೇರೊಂದು ಮರದ ಕುಡಿಯನ್ನು ಕಸಿಮಾಡಿದಂತೆ, ಯಂತ್ರದ ಕಡತವೃಕ್ಷದ ಒಂದು ಶಾಖೆಗೆ ಬೇರೊಂದು ತಟ್ಟೆಯ ಕಡತಗಳನ್ನು ಜೋಡಿಸುವುದೇ ಅದರ ಕೆಲಸ. ಆಗ ಎರಡು ತಟ್ಟೆಗಳೂ ಒಂದೇ ಯಂತ್ರದವು. 1984ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ದೂರದ ಯಂತ್ರದ ಕಡತಗಳನ್ನೂ ಹೀಗೆ ಜೋಡಿಸಬಲ್ಲ ಎನ್‌ಎಫ್‌ಎಸ್ ಎಂಬ ಪದ್ಧತಿಯನ್ನು ರಚಿಸಿದರು. ಇದರಲ್ಲಿ ಕಡತಗಳನ್ನು ಕೊಡುವ ಯಂತ್ರವನ್ನು ದಾತೃವೆಂದೂ ಪಡೆಯುವುದನ್ನು ಗ್ರಾಹಕವೆಂದೂ ಕರೆಯಬಹುದು. ದಾತೃವು ಗ್ರಾಹಕರ ವಿಷಯವಾಗಿ ಏನನ್ನೂ ನೆನಪಿನಲ್ಲಿಡುವುದಿಲ್ಲವೆಂಬುದು ಮೊದಲ ಎನ್‌ಎಫ್‌ಎಸ್‌ನ ವಿಶೇಷ. ದಾತೃವು ನಡುವೆ ನಿಂತು ಮತ್ತೆ ಎದ್ದರೂ ಗ್ರಾಹಕವು ತನ್ನ ಬೇಡಿಕೆಯನ್ನು ಪುನಃ ಹೇಳಿದರೆ ಕೆಲಸವು ಮುಂದುವರಿಯುವುದು. ಆದರೆ ದಾತೃವು ಏಳದೆಯೇ ಹೋದರೆ, ಗಟ್ಟಿಯಾಗಿ ಕಸಿಮಾಡಿದ ಗ್ರಾಹಕವು ಕೊನೆಯಿಲ್ಲದೆ ಕಾಯುತ್ತಲೇ ಇರುವುದು. ಮೆದುವಾಗಿ ಕಸಿಮಾಡಿದುದು ಕೆಲವು ಸಲ ಕೇಳಿ ಕೈಬಿಡುವುದು, ಬರೆಯುತ್ತಿದ್ದ ಕಡತವು ಅರ್ಧಕ್ಕೆ ನಿಲ್ಲುವುದು. ಎರಡರಲ್ಲಿ ಯಾವುದನ್ನು ಆರಿಸಬೇಕೆಂಬ ನಿರ್ಣಯವೆಲ್ಲ ಆಜ್ಞೆಯನ್ನು ಬರೆಯುವವನ ತಲೆಯ ಮೇಲೆ.

ಒಬ್ಬನೇ ದಾತೃವನ್ನು ನಂಬಿದ ಈ ಕ್ರಮವು ದೊಡ್ಡ ಭಂಡಾರಗಳಿಗೆ ಸಾಲದಾಯಿತು. ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಥಂಡರ್ ಎಂಬ ಮಹಾಗಣಕವನ್ನು ಕಟ್ಟಿದ ಸಂಸ್ಥೆಯಲ್ಲಿ ಆನಂದಬಾಬು ಪೆರಿಯಸಾಮಿಯವರು ಇದ್ದರು. ಆ ಯಂತ್ರವು 2004ರ ಜೂನಿನಲ್ಲಿ ಜಗತ್ತಿನ ವೇಗಶಾಲಿ ಗಣಕಗಳ ಪಟ್ಟಿಯಲ್ಲಿ ಎರಡನೆಯದಾಗಿದ್ದಿತು. ಅನಂತರ ಅವರೂ ಹಿತೇಶ್ ಚೆಲ್ಲಾನಿಯವರೂ 2005ರಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಗ್ಲಸ್ಟರ್ ಎಂದು ಹೆಸರಾಯಿತು. ಗ್ನೂ, ಕ್ಲಸ್ಟರ್ ಎಂಬೆರಡು ಶಬ್ದಗಳ ಸಂಧಿಯಿಂದ ಈ ಹೆಸರು ಹುಟ್ಟಿದೆ. ಕಾರ್ಯಾಲಯವು ಕ್ಯಾಲಿಫೋರ್ನಿಯದಲ್ಲಿದ್ದರೂ ರಚನಾಕಾರ್ಯದ ಬಹುಭಾಗವು ನಡೆದುದು ಬೆಂಗಳೂರಿನಲ್ಲಿ.

ಗ್ಲಸ್ಟರಿನಲ್ಲಿ ಹಲವು ಯಂತ್ರಗಳು ತಮ್ಮ ತಮ್ಮ ತಟ್ಟೆಯ ಒಂದೊಂದು ಭಾಗವನ್ನು ಒಪ್ಪಿಸುವುವು. ಆ ಭಾಗಕ್ಕೆ ಇಟ್ಟಿಗೆಯೆಂದೇ ಹೆಸರು. ಇಟ್ಟಿಗೆಗಳು ಸೇರಿ ಒಂದು ಭಂಡಾರ. ಯಾವ ಕಡತವು ಯಾವ ಇಟ್ಟಿಗೆಯಲ್ಲಿದೆಯೆಂಬುದನ್ನು ಬರೆದಿಡುವ ಕೇಂದ್ರಸೂಚಿಯು ಇದರಲ್ಲಿಲ್ಲ. ಕಡತದ ಹೆಸರಿನ ಅಕ್ಷರಗಳನ್ನು ಗಣಿತಕ್ಕೆ ಒಳಪಡಿಸಿ, ಬಂದ ಸಂಖ್ಯೆಯಿಂದ ಸ್ಥಾನವನ್ನು ಗೊತ್ತುಮಾಡುವರು. ಇದು ನಮ್ಮ ಕಟಪಯಾದಿಯನ್ನು ನೆನಪಿಗೆ ತರುವುದು. ಮೇಚಕಲ್ಯಾಣಿಯೆಂದೊಡನೆ ಮಕಾರದಿಂದ 5, ಚಕಾರದಿಂದ 6 ದೊರೆತು, ಅವನ್ನು ತಿರುಗಿಸಿ 65ನೆಯ ಮೇಳವೆಂದು ತಿಳಿಯುವವನಿಗೆ ಬೇರೆ ಪಟ್ಟಿ ಬೇಕಾಗುವುದಿಲ್ಲವಷ್ಟೆ. ಆದರೆ ಕಟಪಯಾದಿಯಲ್ಲಿ ಹೆಸರನ್ನು ಸಂಖ್ಯೆಗೆ ಹೊಂದಿಸಿ ಇಟ್ಟಿರುವರು. ಇಲ್ಲಿ ಹೆಸರು ಹೇಗಿದ್ದರೂ ಸಂಖ್ಯೆಯು ತಾನಾಗಿ ಹೊರಡುವುದು. ಅಷ್ಟು ವ್ಯತ್ಯಾಸವುಂಟು.

ಗ್ಲಸ್ಟರಿನ ಹಿರಿಮೆಯೆಲ್ಲ ಈ ಗಣಿತದಲ್ಲಿದೆಯೆಂದು ಎಣಿಸುವುದು ಸಹಜ. ಚರಿತ್ರೆಯನ್ನು ನೋಡಿದರೆ ಹಾಗೆ ತೋರುವುದಿಲ್ಲ. ಮೊದಲಿನ ವರ್ಷಗಳಲ್ಲಿ ಭಂಡಾರವನ್ನು ಕಟ್ಟುವವನು ಇಟ್ಟಿಗೆಗಳನ್ನೂ ಅವು ಒಂದಕ್ಕೊಂದು ಸೇರುವ ಬಗೆಯನ್ನೂ ವಿವರಿಸುವ ಲೇಖವನ್ನು ಕೈಯಿಂದ ಬರೆದು ಯಂತ್ರಗಳಿಗೆ ಹಂಚಬೇಕಾಗಿದ್ದಿತು. ಒಂದು ಪ್ರತಿಯಲ್ಲಿ ಒಂದು ಸಾಲು ಹಿಂದುಮುಂದಾದರೆ, ಒಂದೇ ಭಂಡಾರವು ಒಬ್ಬ ಗ್ರಾಹಕನಿಗೆ ಒಂದು ಬಗೆಯಾಗಿಯೂ ಇನ್ನೊಬ್ಬನಿಗೆ ಬೇರೆ ಬಗೆಯಾಗಿಯೂ ಕಾಣುವ ಅಪಾಯವಿದ್ದಿತು. ಹೊಸ ಇಟ್ಟಿಗೆಯನ್ನು ಸೇರಿಸಬೇಕಾದರೆ ಲೇಖವನ್ನು ತಿದ್ದಿ, ಕಸಿಯನ್ನು ಕಳಚಿ, ಮತ್ತೆ ಕಟ್ಟಬೇಕು. ಲೇಖವನ್ನು ಸಿದ್ಧಮಾಡಿ ಕೊಡುವ ಚಿಕ್ಕ ಸಾಧನವೊಂದು ನಡುವೆ ಬಂದಿತಾದರೂ, ಹಂಚುವ ಹೊಣೆಯು ಮನುಷ್ಯನದೇ ಆಗಿ ಉಳಿಯಿತು. ಲಿಪಿಕಾರರ ಪ್ರಮಾದಗಳನ್ನು ಕಂಡವರಿಗೆ ಇದರ ಫಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

2010ರ ಅಕ್ಟೋಬರಿನಲ್ಲಿ ಹೊರಟ 3.1ನೆಯ ಆವೃತ್ತಿಯು ಈ ಸ್ಥಿತಿಯನ್ನು ಬದಲಿಸಿತು. ಪ್ರತಿಯೊಂದು ಯಂತ್ರದಲ್ಲಿಯೂ ಗ್ಲಸ್ಟರ್‌ಡಿ ಎಂಬ ಅಧಿಕಾರಿಯೊಬ್ಬನು ನೆಲಸಿದನು. ಅವನೊಡನೆ ಮಾತನಾಡಲು ಗ್ಲಸ್ಟರ್ ಎಂಬ ಒಂದೇ ಆಜ್ಞೆಯು ಏರ್ಪಟ್ಟಿತು. ‘ಪೀರ್ ಪ್ರೋಬ್’ ಎಂದರೆ ಹೊಸ ಯಂತ್ರವು ಬಳಗಕ್ಕೆ ಸೇರುವುದು. ‘ವಾಲ್ಯೂಮ್ ಕ್ರಿಯೇಟ್’ ಎಂದರೆ ಭಂಡಾರವು ಹುಟ್ಟುವುದು. ಯಾವ ಯಂತ್ರದಲ್ಲಿ ಆಜ್ಞೆಯನ್ನಿತ್ತರೂ ಅಲ್ಲಿಯ ಅಧಿಕಾರಿಯು ಮೊದಲು ಬಳಗಕ್ಕೆಲ್ಲ ಬೀಗವನ್ನು ಹಾಕುವನು; ಬಳಿಕ ಈ ಕಾರ್ಯವು ಸಾಧ್ಯವೇ ಎಂದು ಪ್ರತಿಯೊಬ್ಬನನ್ನೂ ಕೇಳುವನು; ಎಲ್ಲರೂ ಒಪ್ಪಿದ ಮೇಲೆ ಎಲ್ಲ ಕಡೆಯೂ ನಡೆಯಿಸಿ ಬೀಗವನ್ನು ತೆಗೆಯುವನು. ಪರೀಕ್ಷೆಯಲ್ಲಿ ಒಬ್ಬನು ಒಪ್ಪದಿದ್ದರೂ ಕಾರ್ಯವು ಅಲ್ಲಿಗೇ ನಿಲ್ಲುವುದು. ಲೇಖವನ್ನು ಅಧಿಕಾರಿಯೇ ಬರೆಯುವನು. ಗ್ರಾಹಕನು ಮೌಂಟ್ ಆಜ್ಞೆಯಲ್ಲಿ ಬಳಗದ ಒಂದು ಯಂತ್ರದ ಹೆಸರನ್ನೂ ಭಂಡಾರದ ಹೆಸರನ್ನೂ ಹೇಳಿದರೆ ಲೇಖವು ತಾನಾಗಿ ಅವನ ಬಳಿಗೆ ಬರುವುದು. ತೂಬೊಂದನ್ನೇ ಬಲ್ಲ ರೈತನ ಸ್ಥಿತಿಯು ಗ್ರಾಹಕನಿಗೆ ದೊರೆತುದು ಆಗಲೇ.

ಅನುಭವವು ಬೆಳೆದಂತೆ ಆಜ್ಞೆಯು ನಿಷೇಧಗಳನ್ನೂ ಕಲಿಯಿತು. ಮೊದಲೇ ಒಂದು ಭಂಡಾರಕ್ಕೆ ಸೇರಿದ ಇಟ್ಟಿಗೆಯನ್ನು ಇನ್ನೊಂದಕ್ಕೆ ಸೇರಿಸಹೊರಟರೆ ಅದು ತಡೆಯುವುದು. ಒಂದೇ ಕಡತದ ಎರಡು ಪ್ರತಿಗಳನ್ನು ಒಂದೇ ಯಂತ್ರದಲ್ಲಿ ಇಡಹೊರಟರೆ, ಆ ಯಂತ್ರವು ಕೆಟ್ಟರೆ ಎರಡೂ ಹೋಗುವುವೆಂಬ ಕಾರಣದಿಂದ, ಬಲಾತ್ಕಾರದ ಶಬ್ದವನ್ನು ಸೇರಿಸಿದಲ್ಲದೆ ಒಪ್ಪುವುದಿಲ್ಲ. ಭಂಡಾರವನ್ನು ಅಳಿಸೆಂದರೆ ನಿಶ್ಚಯವೇ ಎಂದು ಕೇಳುವುದು; ಅಳಿಸಿದಮೇಲೂ ಹೋಗುವುದು ಭಂಡಾರದ ವಿವರವೇ ಹೊರತು ಇಟ್ಟಿಗೆಗಳಲ್ಲಿರುವ ಕಡತಗಳಲ್ಲ.

ಅತ್ಯಂತ ಕಠಿನವಾದ ಪ್ರಶ್ನೆಯು ಪ್ರತಿಗಳ ವಿಷಯದಲ್ಲಿ ಹುಟ್ಟಿತು. ಎರಡು ಇಟ್ಟಿಗೆಗಳಲ್ಲಿ ಒಂದೊಂದು ಪ್ರತಿಯಿರುವಾಗ ಜಾಲವು ತುಂಡಾಗಿ, ಎರಡು ಕಡೆಯೂ ಬೇರೆ ಬೇರೆ ಜನರು ಅದೇ ಕಡತವನ್ನು ತಿದ್ದಿದರೆ, ಜಾಲವು ಮತ್ತೆ ಕೂಡಿದ ಮೇಲೆ ಯಾವುದು ಪ್ರಮಾಣ? ಗ್ಲಸ್ಟರು ತಾನಾಗಿ ಒಂದನ್ನು ಊಹಿಸಿ ಕೊಡದೆ, ಓದಲು ಬಂದವನಿಗೆ ದೋಷವನ್ನು ತಿಳಿಸಿ ನಿಲ್ಲುವುದು. ಇದು ಮೆಚ್ಚತಕ್ಕ ನಡತೆ. 2015ರ 3.7ನೆಯ ಆವೃತ್ತಿಯಿಂದ ಮೊದಲ್ಗೊಂಡು ನಿರ್ಣಯಕ್ಕೆ ಆಜ್ಞೆಗಳು ಬಂದುವು: ದೊಡ್ಡ ಕಡತವನ್ನು ಸ್ವೀಕರಿಸು, ಕೊನೆಗೆ ತಿದ್ದಿದುದನ್ನು ಸ್ವೀಕರಿಸು, ಇಲ್ಲವೆ ಇಂತಹ ಇಟ್ಟಿಗೆಯನ್ನೇ ಆಕರವಾಗಿ ಹಿಡಿ. ಗ್ರಂಥಸಂಪಾದನೆಯನ್ನು ಬಲ್ಲವರು ಮೊದಲಿನ ಎರಡನ್ನು ಸಂಶಯದಿಂದಲೇ ನೋಡುವರು. ಮಹಾಭಾರತದ ದಾಕ್ಷಿಣಾತ್ಯ ಪಾಠವು ಉತ್ತರದ ಪಾಠಕ್ಕಿಂತ ದೊಡ್ಡದು. ದೊಡ್ಡದೆಂಬ ಕಾರಣದಿಂದ ಸುಕ್ತಣಕರರು ಅದನ್ನು ಮೂಲವೆಂದು ಎಣಿಸಲಿಲ್ಲ. ಕೊನೆಯ ಲಿಪಿಕಾರನ ತಿದ್ದುಪಡಿಯು ಎಷ್ಟೋ ವೇಳೆ ಕೊನೆಯ ತಪ್ಪೇ ಆಗಿರುವುದು. ಮೂರನೆಯದೊಂದೇ ವಿವೇಕವುಳ್ಳ ಸಂಪಾದಕನ ಮಾರ್ಗ. ಇಂತಹ ವಿವಾದವೇ ಹುಟ್ಟದಂತೆ ಅದೇ ಆವೃತ್ತಿಯಲ್ಲಿ ಮಧ್ಯಸ್ಥವೆಂಬ ಮೂರನೆಯ ಇಟ್ಟಿಗೆಯನ್ನೂ ಕಲ್ಪಿಸಿದರು. ಅದರಲ್ಲಿ ಕಡತದ ಹೆಸರೂ ಲಕ್ಷಣಗಳೂ ಇರುವುವಲ್ಲದೆ ಒಳಗಿನ ವಿಷಯವಿರುವುದಿಲ್ಲ. ಅದು ಸಾಕ್ಷಿ ಮಾತ್ರ, ಆದರೆ ಸಾಕ್ಷಿಯಿದ್ದರೆ ವ್ಯಾಜ್ಯವು ನಿಲ್ಲುವುದು.

2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಯವರು ಸುಮಾರು 13 ಕೋಟಿ 60 ಲಕ್ಷ ಡಾಲರುಗಳಿಗೆ ಗ್ಲಸ್ಟರನ್ನು ಕೊಂಡರು. ಅವರು ಅದನ್ನು ಆಧರಿಸಿ ಮಾರುತ್ತಿದ್ದ ಭಂಡಾರಕ್ಕೆ ನೀಡುತ್ತಿದ್ದ ಆಶ್ರಯವು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಮೂಲವಾಕ್ಯಗಳು ಸರ್ವರಿಗೂ ಮುಕ್ತವಾಗಿರುವುದರಿಂದ ವಿದ್ಯೆಯು ಒಡೆಯನೊಡನೆ ಹೋಗಲಿಲ್ಲವೆಂಬುದು ನಿಜ; ಆದರೆ ಮುಕ್ತವಾದ ಗ್ರಂಥಕ್ಕೂ ಅದನ್ನು ಪಾಠಹೇಳುವವರು ಬೇಕು. ನೂರು ವರ್ಷ ಬಾಳಬೇಕಾದ ಓಲೆಗರಿಯ ಛಾಯಾಪ್ರತಿಯನ್ನು ಒಂದು ಭಂಡಾರಕ್ಕೆ ಒಪ್ಪಿಸುವವರು ಇಟ್ಟಿಗೆಗಳ ಲೆಕ್ಕಕ್ಕಿಂತ ಮೊದಲು ವಿಚಾರಿಸಬೇಕಾದುದು ಇದನ್ನು. ಗ್ಲಸ್ಟರಿನಲ್ಲಿ ದುಡಿದು ಪಳಗಿದ ಕೆಲವರು 2019ರ ಸುಮಾರಿಗೆ ಬೆಂಗಳೂರಿನಲ್ಲಿ, ಅದನ್ನೇ ತಳಹದಿಯಾಗಿಟ್ಟುಕೊಂಡು, ಕುಬರ್ನೆಟೀಸ್ ಎಂಬ ವ್ಯವಸ್ಥೆಗೆ ಹೊಂದುವ ಹೊಸ ಭಂಡಾರವನ್ನು ಆರಂಭಿಸಿದರು. ಕುಬರ್ನೆಟೀಸ್ ಎಂಬುದು ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿಗನಿಗೆ ಹೆಸರು. ಅದಕ್ಕೆ ತಕ್ಕಂತೆ ಇವರು ತಮ್ಮ ಭಂಡಾರಕ್ಕೆ ‘ಕಡಲು’ ಎಂದು ಅಚ್ಚಗನ್ನಡದ ಹೆಸರನ್ನಿಟ್ಟರು. ಅದನ್ನು ನಡೆಯಿಸುವ ಆಜ್ಞೆಯಲ್ಲಿಯೂ ಆ ಶಬ್ದವೇ ಬರುವುದರಿಂದ, ಕನ್ನಡವನ್ನರಿಯದ ದೇಶಾಂತರದ ಯಂತ್ರಪಾಲಕರೂ ಅದನ್ನು ಒತ್ತಬೇಕಾಗಿದೆ. ಒತ್ತುವುದು ಮಾತ್ರ ರೋಮನ್ ಅಕ್ಷರಗಳಲ್ಲಿ.