ಜಾತಿಕಟ್ಟು ಮತ್ತು ಒಂಟಿ ವ್ಯಕ್ತಿ: ‘ಸಂಸ್ಕಾರ’ ಕಾದಂಬರಿಯ ದೂರ್ವಾಸಪುರ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿ ನಡೆಯುವುದು ದೂರ್ವಾಸಪುರವೆಂಬ ಮಲೆನಾಡಿನ ಮಾಧ್ವ ಅಗ್ರಹಾರದಲ್ಲಿ. ಊರಿಗೆ ಊರೇ ಕಟ್ಟಳೆಗೆ ತಲೆಬಾಗಿರುವಾಗ ಒಬ್ಬ ಮಾತ್ರ ಅದನ್ನು ಮೀರಿದರೆ ಏನಾಗುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ನೋಡಿದ ಕನ್ನಡ ಕಾದಂಬರಿಗಳು ವಿರಳ. ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932), ಜಾರ್ಜ್ ಆರ್ವೆಲ್‌ನ ‘1984’ (1949) ಮುಂದಿನ ಕಾಲದ ದುಃಸ್ವಪ್ನಗಳು. ಅಲ್ಲಿ ವ್ಯಕ್ತಿಯನ್ನು ಕಾಯುವುದೂ ತಿದ್ದುವುದೂ ಪ್ರಭುತ್ವ. ದೂರ್ವಾಸಪುರಕ್ಕೆ ಪೊಲೀಸರು ಬೇಕಿಲ್ಲ. ನೆರೆಮನೆಯ ಕಣ್ಣು, ಮಠದ ಭಯ ಇಷ್ಟಿದ್ದರೆ ಸಾಕು.

ಕತೆ ಶುರುವಾಗುವಾಗಲೇ ಕಟ್ಟು ಮೀರಿದವನು ಸತ್ತಿರುತ್ತಾನೆ. ಶಿವಮೊಗ್ಗದಿಂದ ಜ್ವರ ಹತ್ತಿಸಿಕೊಂಡು ಬಂದ ನಾರಣಪ್ಪ ಕುಂದಾಪುರದ ಚಂದ್ರಿಯನ್ನು ಮನೆಗೆ ತಂದಿಟ್ಟುಕೊಂಡಿದ್ದವನು, ಮಾಂಸ ತಿಂದವನು, ಸಾಲಿಗ್ರಾಮವನ್ನು ಹೊಳೆಗೆಸೆದವನು, ದೇವರ ಮೀನನ್ನೂ ಬಿಡದವನು. ಬಹಿಷ್ಕಾರದ ಮಾತೆತ್ತಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲೇ ಇದ್ದುಬಿಡುತ್ತೇನೆ ಎಂದು ಹೆದರಿಸಿದ್ದ. ಹಾಗಾಗಿ ಅವನನ್ನು ಹೊರಹಾಕುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸತ್ತಾಗಲೂ ಅವನು ಬ್ರಾಹ್ಮಣನೇ. ಹೆಣ ಸುಡಬೇಕಾದವರು ಯಾರು?

ಹೆಣ ಎತ್ತುವ ತನಕ ಯಾರ ಮನೆಯಲ್ಲೂ ಒಲೆ ಹೊತ್ತುವಂತಿಲ್ಲ. ಹಸಿದ ದಾಸಾಚಾರ್ಯ ಪಕ್ಕದ ಪಾರಿಜಾತಪುರದ ಸ್ಮಾರ್ತರ ಮನೆಗೆ ಹೋಗಿ ಗುಟ್ಟಾಗಿ ತಿಂದು ಬರುತ್ತಾನೆ. ಖರ್ಚಿಗೆಂದು ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟದ್ದೇ ತಡ, ಅದುವರೆಗೆ ಹಿಂದೆ ಸರಿಯುತ್ತಿದ್ದ ನೆಂಟರಾದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಸತ್ತವನ ಮೇಲಿನ ಹಕ್ಕು ನೆನಪಾಗುತ್ತದೆ. ಇಲಿಗಳು ಸಾಯತೊಡಗುತ್ತವೆ, ಸೂರಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಡಿದು ಅವನ್ನು ಓಡಿಸುತ್ತಾರೆ. ಪ್ಲೇಗ್ ಎಂಬ ಮಾತು ಬಾಯಿಗೆ ಬಂದರೂ ಧರ್ಮಸೂಕ್ಷ್ಮದ ಚರ್ಚೆ ಮುಗಿಯುವುದಿಲ್ಲ. ಇದರ ನಡುವೆ ಚಂದ್ರಿ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿಬಿಟ್ಟಿದ್ದಾಳೆ. ಬೂದಿಯಾಗಿ ಹೋದ ಹೆಣಕ್ಕಾಗಿ ಅಗ್ರಹಾರದವರು ಮಠದವರೆಗೂ ಅಲೆಯುತ್ತಾರೆ. ಕಾದಂಬರಿಯ ಅತ್ಯಂತ ಕಹಿ ನಗೆ ಇಲ್ಲೇ ಇದೆ.

ನಾರಣಪ್ಪನ ಬಂಡಾಯದಲ್ಲಿ ಒಂದಿಷ್ಟು ಹಟವೂ ಪ್ರದರ್ಶನವೂ ಇವೆ. ನಿಜವಾದ ಸಂಕಟ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರದ್ದು. ಹೆಣ ಯಾರು ಸುಡಬೇಕೆಂಬುದಕ್ಕೆ ಶಾಸ್ತ್ರದಲ್ಲೂ ಮಾರುತಿಯ ಗುಡಿಯಲ್ಲೂ ಉತ್ತರ ಸಿಗದ ರಾತ್ರಿ ಅವರು ಕಾಡಿನಲ್ಲಿ ಚಂದ್ರಿಯನ್ನು ಕೂಡುತ್ತಾರೆ. ಆಮೇಲೆ ಮೇಳಿಗೆಯ ಜಾತ್ರೆಯ ದಾರಿಯಲ್ಲಿ ಅವರನ್ನು ಕಾಡುವುದು ಪಾಪಕ್ಕಿಂತ ಹೆಚ್ಚಾಗಿ, ಯಾರಾದರೂ ಗುರುತು ಹಿಡಿದಾರೆಂಬ ಅಳುಕು.

ಕಲಬುರಗಿಯ ಓದುಗರಿಗೆ ಕಟ್ಟು ಮೀರಿದ ಒಂಟಿ ವ್ಯಕ್ತಿಯ ಪ್ರಶ್ನೆ ಹೊಸದಲ್ಲ. ಅಲ್ಲಿನ ಜೇವರ್ಗಿ ಸೀಮೆಯದೇ ಕಡಕೋಳ. ಅಲ್ಲಿ ನೆಲೆ ನಿಂತ ತತ್ವಪದಕಾರ ಮಡಿವಾಳಪ್ಪನವರು ಜಾತಿಯ ಹಮ್ಮು, ತೋರಿಕೆಯ ಆಚಾರ ಎರಡನ್ನೂ ಪದ ಕಟ್ಟಿ ಹಂಗಿಸಿದರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ನಾರಣಪ್ಪ ಒಂಟಿಯಾಗಿ ಕೆಟ್ಟ. ಮಡಿವಾಳಪ್ಪ ತಮ್ಮಂಥವರದೇ ಒಂದು ಬಳಗ ಕಟ್ಟಿಕೊಂಡರು. ಏಕತಾರಿ ಹಿಡಿದು ಕೂಡಿ ಹಾಡುವ ಭಜನೆಯಲ್ಲಿ ಒಂಟಿತನಕ್ಕೆ ಎಡೆ ಕಡಿಮೆ.

ದೂರ್ವಾಸಪುರ ನಾರಣಪ್ಪನಿಗೆ ಹಾಕಲು ಹೆದರಿದ್ದ ಬಹಿಷ್ಕಾರಕ್ಕೆ ಕಾನೂನು ಕಡಿವಾಣ ಹಾಕಲು ನೋಡಿದ್ದೂ ಉಂಟು. ವಿಜಯಪುರ, ಧಾರವಾಡಗಳು ಸೇರಿದ್ದ ಅಂದಿನ ಮುಂಬಯಿ ಪ್ರಾಂತ 1949ರಲ್ಲಿ ಸಮುದಾಯದಿಂದ ಹೊರಹಾಕುವುದನ್ನು ನಿಷೇಧಿಸಿತು. ಕಲಬುರಗಿ ಸೀಮೆಯ ಜೇವರ್ಗಿ, ಆಳಂದಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಅದು ಇತ್ತ ಬರಲಿಲ್ಲ. ದಾವೂದಿ ಬೋಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1962ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿತು. ಆಳಂದದ ಗಡಿಯಾಚೆಯ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರಲ್ಲಿ ಮತ್ತೆ ಕಾಯ್ದೆ ತಂದಿತು. ಗರಿಷ್ಠ ಶಿಕ್ಷೆ 3 ವರ್ಷ ಸೆರೆ.

‘ಸಂಸ್ಕಾರ’ಕ್ಕೆ ಪ್ರಭುತ್ವದ ಬಿಸಿ ತಟ್ಟಿದ್ದು ಸಿನಿಮಾ ಆದಾಗ. ಪಟ್ಟಾಭಿರಾಮ ರೆಡ್ಡಿಯವರ 1970ರ ಚಿತ್ರದಲ್ಲಿ ಗಿರೀಶ ಕಾರ್ನಾಡ ಪ್ರಾಣೇಶಾಚಾರ್ಯರಾದರೆ ಪಿ. ಲಂಕೇಶ್ ನಾರಣಪ್ಪ. ಮದರಾಸಿನ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತು. ಕೇಂದ್ರ ಸರ್ಕಾರ ನಿಷೇಧ ತೆಗೆದ ಮೇಲೆ ಅದೇ ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿಗೆ ಹಾಕಲಾಯಿತು. ಆಸ್ತಮಾದಿಂದ ಬಳಲಿದ ಅವರು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಜೈಲು ದಿನಚರಿ ಆಮೇಲೆ ಪ್ರಕಟವಾಯಿತು.